ಒಂದು ಡಿಗ್ರಿಯನ್ನು ಕೌದಿಯಾಗಿ ಹೊಲಿಯುವುದು ಹೇಗೆ

ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸವನ್ನು ದಿನಾ ಕಾಣುವ ನಮಗೆ, ನೂರು ವರ್ಷದಲ್ಲಿ ಏರಿದ ಒಂದು ಡಿಗ್ರಿ ಮೈಗೆ ತಾಗುವುದಿಲ್ಲ. ಹವಾಮಾನ ಬದಲಾವಣೆಯನ್ನು ಜನರಿಗೆ ಮುಟ್ಟಿಸಲು ಹೊರಟ ಕಲಾವಿದರಿಗೆ ಎದುರಾಗುವ ಮೊದಲ ತೊಡಕೇ ಇದು. ಬರವನ್ನೋ ನೆರೆಯನ್ನೋ ಚಿತ್ರ ಬರೆಯಬಹುದು. ಸರಾಸರಿಯ ಚಿತ್ರ ಬರೆಯುವುದು ಹೇಗೆ? ಕಳೆದ ಹತ್ತು ವರ್ಷಗಳಲ್ಲಿ ಇದಕ್ಕೆ ಸಿಕ್ಕ ಗಟ್ಟಿ ಉತ್ತರ ಬಂದದ್ದು ಉಲ್ಲನ್ನು, ಕ್ರೋಶಾ ಕಡ್ಡಿ ಹಿಡಿದು ಕೂತವರಿಂದ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿ ಜೋನ್ ಶೆಲ್ಡನ್ 2015ರಲ್ಲಿ ಭೂಮಿಯ ತಾಪಮಾನದ ದಾಖಲೆಯನ್ನೇ ಸ್ಕಾರ್ಫ್ ಆಗಿ ಹೆಣೆದರು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಲ್ಲಿ ಹೈವುಡ್ 2017ರಲ್ಲಿ ಕ್ರೋಶಾದಲ್ಲಿ ಒಂದು ಹೊದಿಕೆ ಮಾಡಿದರು. ವರ್ಷ ಬದಲಾದಂತೆ ಅದರ ಬಣ್ಣ ಬದಲಾಗುತ್ತದೆ. ಅವರ ಸಹೋದ್ಯೋಗಿ ಎಡ್ ಹಾಕಿನ್ಸ್ 2018ರಲ್ಲಿ ಅದೇ ವಿಚಾರವನ್ನು ಕಂಪ್ಯೂಟರಿಗೆ ತಂದರು. ಎಡದಿಂದ ಬಲಕ್ಕೆ ವರ್ಷಕ್ಕೊಂದು ಪಟ್ಟೆ, ತಂಪು ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಅಂಕಿ ಇಲ್ಲ, ಅಕ್ಷರ ಇಲ್ಲ, ಗ್ರಾಫಿನ ಗೆರೆಯೂ ಇಲ್ಲ. 2019ರ ಸೆಪ್ಟೆಂಬರಿನಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆಯ ಮುಖಪುಟಕ್ಕೆ ಈ ಪಟ್ಟೆಗಳು ಬಂದವು. 2022–23ರಲ್ಲಿ ರೆಡಿಂಗ್ ಫುಟ್‌ಬಾಲ್ ತಂಡದ ಅಂಗಿಯ ತೋಳಿನ ಮೇಲೂ ಕಂಡವು.

ನೋಡಿದರೆ ಯಾರಾದರೂ ಅರ್ಧ ದಿನದಲ್ಲಿ ಮಾಡಬಹುದೆನ್ನಿಸುತ್ತದೆ. ಆದರೆ ಈ ಕೆಲಸದ ನಿಜಾಯಿತಿ ಹೊಲಿಗೆಯಲ್ಲಿ ನಿಂತಿಲ್ಲ. ಸೂಜಿಗೆ ದಾರ ಪೋಣಿಸುವ ಮೊದಲೇ ಮಾಡಿಕೊಂಡ ಮೂರು ತೀರ್ಮಾನಗಳಲ್ಲಿದೆ. ಯಾವ ಅಂಕಿ, ಯಾವ ವಾಡಿಕೆ, ಯಾವ ಬಣ್ಣದ ಮೆಟ್ಟಿಲು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ಅಚ್ಚುಕಟ್ಟಾದ ಕೈಕೆಲಸವೂ ನೋಡುವವರಿಗೆ ಸುಳ್ಳು ಹೇಳುತ್ತದೆ.

ವಾಡಿಕೆ ಎಂದರೆ ಯಾವ ವರ್ಷಗಳ ವಾಡಿಕೆ?

'ವಾಡಿಕೆಗಿಂತ ಹೆಚ್ಚು', 'ವಾಡಿಕೆಗಿಂತ ಕಡಿಮೆ' ಎಂಬ ಮಾತನ್ನು ಹವಾಮಾನ ವರದಿಯಲ್ಲಿ ಕೇಳಿಯೇ ಇರುತ್ತೇವೆ. ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯನ್ನು ವಾಡಿಕೆ ಎಂದು ಹಿಡಿಯುತ್ತಾರೆ. ಯಾವ ಮೂವತ್ತು ಎಂಬುದರ ಮೇಲೆ ನೀಲಿ ಎಲ್ಲಿ ಮುಗಿಯುತ್ತದೆ, ಕೆಂಪು ಎಲ್ಲಿ ಶುರುವಾಗುತ್ತದೆ ಎಂಬುದು ನಿಂತಿದೆ.

ಭಾರತದ 2016ನೇ ಇಸವಿಯನ್ನೇ ನೋಡಿ. ಆ ವರ್ಷ ದೇಶದ ಸರಾಸರಿ ತಾಪಮಾನ ವಾಡಿಕೆಗಿಂತ 0.91 ಡಿಗ್ರಿ ಹೆಚ್ಚು ಎಂದು ಭಾರತೀಯ ಹವಾಮಾನ ಇಲಾಖೆ ಮೊದಲು ಹೇಳಿತ್ತು. ಆಗ ವಾಡಿಕೆ 1961–1990. ಮುಂದೆ 1981–2010ಕ್ಕೆ ಹೋಲಿಸಿದಾಗ ಅದೇ ವರ್ಷ 0.71 ಡಿಗ್ರಿ ಹೆಚ್ಚಾಯಿತು. 1991–2020ಕ್ಕೆ ಹೋಲಿಸಿದಾಗ 0.54. ಆ ವರ್ಷದ ಬಿಸಿಲು ಒಂದಿಷ್ಟೂ ಕಡಿಮೆಯಾಗಿಲ್ಲ, ಅಳತೆಯ ಸೊನ್ನೆ ಮೇಲಕ್ಕೆ ಸರಿದಿದೆ, ಅಷ್ಟೆ. ಇಲಾಖೆ ಮೋಸವೇನೂ ಮಾಡಿಲ್ಲ. ಹತ್ತು ವರ್ಷಕ್ಕೊಮ್ಮೆ ವಾಡಿಕೆಯನ್ನು ಹೊಸದು ಮಾಡುವುದು ಜಗತ್ತಿನ ಎಲ್ಲ ಕಡೆಯ ಪದ್ಧತಿ, ಮುನ್ಸೂಚನೆಯ ಕೆಲಸಕ್ಕೆ ಅದು ಬೇಕು ಕೂಡ. ನೂರು ವರ್ಷದ ಕಥೆ ಹೇಳುವ ಬಟ್ಟೆಗೆ ಮಾತ್ರ ಹೊಸ ವಾಡಿಕೆ ಹೊಂದುವುದಿಲ್ಲ, ಏಕೆಂದರೆ ಈಗಾಗಲೇ ಬಿಸಿಯಾದ ದಶಕಗಳು ಅದರಲ್ಲಿ 'ಸಾಮಾನ್ಯ' ಆಗಿಬಿಟ್ಟಿರುತ್ತವೆ. ಹಾಕಿನ್ಸ್ ಮೊದಲು ಬಳಸಿದ್ದು 1971–2000ರ ಸರಾಸರಿ. ನಮ್ಮ ಊರುಗಳ ಲೆಕ್ಕಕ್ಕೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಣ್ಣ ಎಷ್ಟು ಗಾಢ ಎಂಬುದನ್ನು ನಿರ್ಧರಿಸಲು ಒಂದು ಲೆಕ್ಕವಿದೆ. ದೇಶ, ಪ್ರದೇಶಗಳ ಪಟ್ಟೆಗಳಲ್ಲಿ 1901ರಿಂದ 2000ದವರೆಗಿನ ವಾರ್ಷಿಕ ತಾಪಮಾನದ ಮಾನಕ ವಿಚಲನೆ (ಅಂಕಿಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬುದರ ಅಳತೆ) ತೆಗೆದು, ಅದರ 2.6 ಪಟ್ಟನ್ನು ವಾಡಿಕೆಯ ಕೆಳಕ್ಕೂ ಮೇಲಕ್ಕೂ ಇಟ್ಟು, ನಡುವಿನ ಜಾಗವನ್ನು ಎಂಟು ನೀಲಿ, ಎಂಟು ಕೆಂಪು ಛಾಯೆಗಳಿಗೆ ಹಂಚಿದ್ದಾರೆ. ಒಂದು ಊರಿನ ಮಾನಕ ವಿಚಲನೆ 0.3 ಡಿಗ್ರಿ ಎಂದಿಟ್ಟುಕೊಳ್ಳೋಣ. 2.6 ಪಟ್ಟು ಅಂದರೆ 0.78. ಮೇಲೆ ಕೆಳಗೆ ಸೇರಿ 1.56 ಡಿಗ್ರಿ, ಹದಿನಾರು ಪಾಲು ಮಾಡಿದರೆ ಒಂದೊಂದು ಛಾಯೆಗೆ ಸುಮಾರು 0.1 ಡಿಗ್ರಿ. ಕೈಯಲ್ಲಿ ಹೊಲಿಯುವವರಿಗೆ ಹದಿನಾರು ಛಾಯೆಯ ಬಟ್ಟೆ ಹೊಂದಿಸುವುದು ಕಷ್ಟ. ನಾಲ್ಕು ನೀಲಿ, ನಾಲ್ಕು ಕೆಂಪು ಸಾಕು, ಆಗ ಮೆಟ್ಟಿಲು 0.2 ಡಿಗ್ರಿಯದು. ಸ್ಪ್ರೆಡ್‌ಶೀಟಿನಲ್ಲಿ ಹತ್ತು ನಿಮಿಷದ ಕೆಲಸ.

ಈ ಪದ್ಧತಿಯ ಒಂದು ಪರಿಣಾಮವನ್ನು ಮರೆಯಬಾರದು. ಪ್ರತಿ ಊರಿಗೂ ಅದರದೇ ಏರಿಳಿತಕ್ಕೆ ತಕ್ಕ ಅಳತೆಗೋಲು ಸಿಗುತ್ತದೆ. ಹಾಗಾಗಿ ಎರಡು ಊರಿನ ಬಟ್ಟೆಗಳನ್ನು ಅಕ್ಕಪಕ್ಕ ತೂಗುಹಾಕಿ 'ಇಲ್ಲಿ ಹೆಚ್ಚು ಕೆಂಪು, ಇಲ್ಲೇ ಹೆಚ್ಚು ಬಿಸಿ' ಎನ್ನುವಂತಿಲ್ಲ.

ಅಂಕಿ ಎಲ್ಲಿಂದ ತರುವುದು

ಹವಾಮಾನ ಇಲಾಖೆಯ ಪುಣೆ ಕಚೇರಿ ಇಡೀ ದೇಶವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ದಿನದಿನದ ತಾಪಮಾನ, ಮಳೆಯ ಅಂಕಿಗಳನ್ನು ಉಚಿತವಾಗಿ ಕೊಡುತ್ತದೆ. ತಾಪಮಾನದ ಚೌಕ ಅಕ್ಷಾಂಶ, ರೇಖಾಂಶದ ಲೆಕ್ಕದಲ್ಲಿ ಒಂದು ಡಿಗ್ರಿ ಅಗಲ, ಅಂದರೆ ಸುಮಾರು 110 ಕಿಲೋಮೀಟರ್; ದಾಖಲೆ 1951ರಿಂದ. ಮಳೆಯದು ಕಾಲು ಡಿಗ್ರಿ, 1901ರಿಂದ. ತಾಪಮಾನದ ಚೌಕ ದೊಡ್ಡದಾದದ್ದು ಮಲೆನಾಡಿನವರಿಗೆ ತೊಂದರೆ. ಸುಬ್ರಹ್ಮಣ್ಯ, ಮಡಿಕೇರಿ ಎರಡೂ 12–13 ಡಿಗ್ರಿ ಉತ್ತರ, 75–76 ಡಿಗ್ರಿ ಪೂರ್ವದ ಒಂದೇ ಚೌಕದೊಳಗೆ ಬೀಳುತ್ತವೆ. ಎತ್ತರದಲ್ಲಿ ಇವೆರಡರ ಅಂತರ ಸಾವಿರ ಮೀಟರಿನಷ್ಟು. ಆ ಚೌಕದ ಸರಾಸರಿಯನ್ನು 'ಮಡಿಕೇರಿಯ ತಾಪಮಾನ' ಎಂದು ಕರೆದರೆ ತಪ್ಪಾಗುತ್ತದೆ. ಏರಿಕೆಯ ಪ್ರಮಾಣವನ್ನು ಮಾತ್ರ ತೋರಿಸುವುದಾದರೆ ಚೌಕ ಸಾಕು, ಹೆಸರನ್ನು ಮಾತ್ರ ಸರಿಯಾಗಿ ಬರೆಯಬೇಕು.

ವೀಕ್ಷಣಾಲಯವೊಂದರ ಅಂಕಿಯನ್ನೇ ನೇರವಾಗಿ ಬಳಸುವುದಾದರೆ ಬೇರೆ ಎಚ್ಚರ ಬೇಕು. ಉಪಕರಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದರೆ ಆ ವರ್ಷದಿಂದ ಅಂಕಿ ಹಾರುತ್ತದೆ; ಪಟ್ಟೆಯಲ್ಲಿ ಅದು ಹವಾಮಾನ ಬದಲಾದಂತೆಯೇ ಕಾಣುತ್ತದೆ. ಬೆಂಗಳೂರಿನಂಥ ನಗರದಲ್ಲಿ ಸುತ್ತ ಎದ್ದ ಕಾಂಕ್ರೀಟು, ಮುಚ್ಚಿಹೋದ ಕೆರೆ, ಕಡಿದ ಸಾಲುಮರಗಳ ಬಿಸಿಯೂ ಅಂಕಿಯೊಳಗೆ ಬೆರೆತಿರುತ್ತದೆ. ಅದೂ ನಷ್ಟವೇ, ಹೇಳಬೇಕಾದ ಕಥೆಯೇ. ಆದರೆ ಇಡೀ ಭೂಮಿಯ ಏರಿಕೆಯ ಲೆಕ್ಕಕ್ಕೆ ಎಲ್ಲವನ್ನೂ ಬರೆಯಬಾರದು.

ಹೆಚ್ಚಿನವರು ಎಡವುವುದು ಬಿಟ್ಟುಹೋದ ತಿಂಗಳುಗಳಲ್ಲಿ. ವಾರ್ಷಿಕ ಸರಾಸರಿ 24 ಡಿಗ್ರಿ, ಏಪ್ರಿಲ್ ಸರಾಸರಿ 28 ಇರುವ ಊರಿನಲ್ಲಿ ಏಪ್ರಿಲ್ ದಾಖಲೆ ಇಲ್ಲವೆಂದು ಉಳಿದ ಹನ್ನೊಂದು ತಿಂಗಳ ಸರಾಸರಿ ತೆಗೆದರೆ ವರ್ಷದ ಅಂಕಿ 0.36 ಡಿಗ್ರಿ ಇಳಿಯುತ್ತದೆ. 0.2ರ ಮೆಟ್ಟಿಲಿನಲ್ಲಿ ಇದು ಸುಮಾರು ಎರಡು ಛಾಯೆ. ಬಿಸಿ ವರ್ಷವೊಂದು ಸುಮ್ಮನೆ ನೀಲಿಗೆ ಜಾರಿಬಿಡುತ್ತದೆ. ಡಿಸೆಂಬರ್ ಬಿಟ್ಟುಹೋದರೆ ಇದರ ಉಲ್ಟಾ. ಆದ್ದರಿಂದ ಮೊದಲು ತಿಂಗಳ ಸರಾಸರಿ, ಆಮೇಲೆ ಹನ್ನೆರಡು ತಿಂಗಳಿಂದ ವರ್ಷದ ಸರಾಸರಿ. ಒಂದು ತಿಂಗಳಾದರೂ ಇಲ್ಲದ ವರ್ಷಕ್ಕೆ ಬಣ್ಣ ಕೊಡದೆ ಬೇರೆಯದೇ ಪಟ್ಟೆ ಹಾಕಿ. ದಖ್ಖನಿ ಕುರಿಯ ಕಪ್ಪು ಉಣ್ಣೆಯ ಕಂಬಳಿ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು: ಅದಕ್ಕೆ ಬಣ್ಣ ಹತ್ತುವುದಿಲ್ಲ, ನೀಲಿ ಕೆಂಪುಗಳ ನಡುವೆ ದಾಖಲೆಯ ತೂತು ಎದ್ದು ಕಾಣುತ್ತದೆ.

ಸೀರೆ, ಕತ್ತರಿ, ಹೊಲಿಗೆ

ಉಲ್ಲನ್ನಿನಲ್ಲೇ ಮಾಡಬೇಕೆಂದಿಲ್ಲ. ನಮ್ಮ ಹವೆಗೆ, ನಮ್ಮ ಕೈಗೆ ಕೌದಿಯೇ ಸರಿ. ಅಂಗಡಿಯಲ್ಲಿ ಸಿಗುವ ಉಲ್ಲನ್ನಿನಲ್ಲಿ ಬಹುಪಾಲು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಒಗೆದಾಗಲೆಲ್ಲ ಸಣ್ಣ ಎಳೆ ನೀರಿಗೆ ಬಿಡುತ್ತದೆ. ಪರಿಸರದ ಬಗ್ಗೆ ಮಾಡುವ ಕಲಾಕೃತಿಯೇ ಪರಿಸರಕ್ಕೆ ಎಷ್ಟು ಭಾರ ಎಂಬ ಪ್ರಶ್ನೆ ದೊಡ್ಡ ಕಲಾವಿದರನ್ನೂ ಬಿಟ್ಟಿಲ್ಲ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ ಕಲಾವಿದ ಓಲಾಫುರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ಗ್ರೀನ್‌ಲ್ಯಾಂಡಿನಿಂದ ಹನ್ನೆರಡು ಮಂಜುಗಡ್ಡೆ ತಂದು ಬೀದಿಯಲ್ಲಿ ಕರಗಲು ಬಿಟ್ಟಾಗ, ಅದರ ಇಂಗಾಲದ ಲೆಕ್ಕವನ್ನು ಹೊರಗಿನವರಿಂದ ಮಾಡಿಸಿ ಪ್ರಕಟಿಸಿದರು: ಸುಮಾರು 30 ಟನ್. ಆ ಲೆಕ್ಕ ಕೊಟ್ಟದ್ದು ದೊಡ್ಡ ಮಾತು. ಹಳೆಯ ಸೀರೆಯ ಕೌದಿಗೆ ಇಂಥ ಲೆಕ್ಕವೇ ಬೇಕಾಗುವುದಿಲ್ಲ.

1951ರಿಂದ 2024ರವರೆಗೆ 74 ವರ್ಷ. ಪಟ್ಟೆ 2.5 ಸೆಂಟಿಮೀಟರ್ ಅಗಲ ಕಂಡರೆ ಕೌದಿ 185 ಸೆಂಟಿಮೀಟರ್ ಅಗಲವಾಗುತ್ತದೆ; ಉದ್ದ 150 ಇಟ್ಟುಕೊಳ್ಳೋಣ. ಎರಡೂ ಬದಿ ಒಂದೊಂದು ಸೆಂಟಿಮೀಟರ್ ಹೊಲಿಗೆಗೆ ಬಿಟ್ಟು 4.5 ಸೆಂಟಿಮೀಟರಿಗೆ ಕತ್ತರಿಸಬೇಕು. ಐದೂವರೆ ಮೀಟರ್ ಸೀರೆಯಲ್ಲಿ 150 ಸೆಂಟಿಮೀಟರಿನ ಮೂರು ತುಂಡು, ಒಂದೊಂದರಲ್ಲಿ ಅಗಲಕ್ಕೆ 25 ಪಟ್ಟಿ, ಒಟ್ಟು 75. ಅಂದರೆ ಒಂದು ಛಾಯೆಗೆ ಒಂದು ಸೀರೆ ಧಾರಾಳ. ಜೀರ್ಣವಾದ ಭಾಗ, ಅಂಚು, ಸೆರಗು ಬಿಟ್ಟರೂ ಉಳಿಯುತ್ತದೆ. ಹಾಸಿನ ದಿಕ್ಕಿಗೆ, ಅಂದರೆ ಸೀರೆಯ ಉದ್ದಕ್ಕೆ ಕತ್ತರಿಸಿ. ಹೊಕ್ಕಿನ ದಿಕ್ಕಿನ ಪಟ್ಟಿ ಎಳೆದಾಗ ಹೆಚ್ಚು ಹಿಗ್ಗುತ್ತದೆ. ಬುಟ್ಟಾ, ಚೌಕಳಿ ಇರುವ ಬಟ್ಟೆ ಬೇಡ: ಸಾದಾ ಒಡಲೇ ಬೇಕು, ಇಲ್ಲದಿದ್ದರೆ ಕಣ್ಣು ವಿನ್ಯಾಸ ನೋಡುತ್ತದೆ, ಅಂಕಿಯನ್ನು ನೋಡುವುದಿಲ್ಲ.

ಎಂಟು ಬಟ್ಟೆಗಳನ್ನು ಹಗಲ ಬೆಳಕಿನಲ್ಲಿ ಸಾಲಾಗಿ ಹಾಸಿ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಎರಡು ತುದಿ ಗಾಢ, ನಡುವಿಗೆ ಬಂದಂತೆ ತಿಳಿ, ಮೆಟ್ಟಿಲು ಸಮ ಇರಬೇಕು. ಎರಡು ಕೆಂಪುಗಳು ಫೋಟೊದಲ್ಲಿ ಒಂದೇ ಬೂದು ಬಣ್ಣವಾಗಿ ಕಂಡರೆ ದೂರದಿಂದ ನೋಡುವವರಿಗೂ ಅವು ಒಂದೇ. ಟ್ಯೂಬ್‌ಲೈಟಿನಡಿ ಬಣ್ಣ ಆರಿಸಿದವರಿಗೆ ಇದು ಬೆಳಿಗ್ಗೆ ಗೊತ್ತಾಗುತ್ತದೆ. ಹಸಿರನ್ನು ದೂರವಿಡಿ; ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರಿರುತ್ತಾರೆ. ನೀಲಿ–ಕೆಂಪು ಜೋಡಿ ಅವರಿಗೂ ಕಾಣುತ್ತದೆ. ಗಾಢ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಿಟ್ಟರೆ ಮೊದಲ ಒಗೆತದಲ್ಲೇ ಪಕ್ಕದ ತಿಳಿ ನೀಲಿ ವರ್ಷಗಳು ಗುಲಾಬಿಯಾಗುತ್ತವೆ.

ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಇಸವಿ ಬರೆದು, ಹತ್ತು ಹತ್ತು ವರ್ಷದ ಕಟ್ಟು ಮಾಡಿ, ದಶಕಗಳನ್ನು ಬೇರೆ ಬೇರೆ ಹೊಲಿದು ಕೊನೆಗೆ ಕೂಡಿಸಿ. ಎಲ್ಲ ಹೊಲಿಗೆಯನ್ನೂ ಮೇಲಿನಿಂದ ಕೆಳಕ್ಕೇ ಹಾಕಿದರೆ ಬಟ್ಟೆ ಬಿಲ್ಲಿನಂತೆ ಬಾಗುತ್ತದೆ. ಒಂದು ಮೇಲಿನಿಂದ, ಮುಂದಿನದು ಕೆಳಗಿನಿಂದ ಹಾಕಬೇಕು. ಒಂದೊಂದು ಹೊಲಿಗೆಯಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ 73 ಹೊಲಿಗೆಗೆ ಅಗಲ 15 ಸೆಂಟಿಮೀಟರಿನಷ್ಟು ಕೆಡುತ್ತದೆ. ಆಮೇಲೆ ಹಿಂದೆ ಹಳೆ ಸೀರೆಯ ಪದರಗಳನ್ನಿಟ್ಟು ಕೌದಿಯ ಸಾಲು ಹೊಲಿಗೆ. ಆ ಹೊಲಿಗೆಯ ದಾರ ಬಿಳಿಯಾದರೆ ಇಡೀ ಕೌದಿಯ ಬಣ್ಣ ತಿಳಿಯಾಗಿ ಕಾಣುತ್ತದೆ. ಬೂದು ದಾರ ಒಳ್ಳೆಯದು.

ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಂದಿ ಎಂಬ ಕೌದಿ ಬೇರೆಯೇ ಕ್ರಮದ್ದು. ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬರುತ್ತಾರೆ, ತುಂಡುಗಳನ್ನು ಸೇರಿಸುತ್ತಲೇ ಹೊಲಿಯುತ್ತಾರೆ. ಆ ಕ್ರಮದಲ್ಲಿ ವರ್ಷಗಳನ್ನು ಸುತ್ತುಗಳಾಗಿ ಇಡುವ ಆಸೆ ಯಾರಿಗಾದರೂ ಬರುತ್ತದೆ, ನೋಡಲೂ ಬಲು ಚೆಂದ. ಆದರೆ ಲೆಕ್ಕ ನೋಡಿ: 185 ಸೆಂಟಿಮೀಟರಿನ ಚೌಕದಲ್ಲಿ 74 ಸುತ್ತು ಹಾಕಿದರೆ ಹೊರಗಿನ ಸುತ್ತು ನಟ್ಟನಡುವಿನದಕ್ಕಿಂತ 147 ಪಟ್ಟು ದೊಡ್ಡದು. 1951 ಹೊರಗಿದ್ದರೆ ಕೌದಿಯೆಲ್ಲ ನೀಲಿ, ಈಚಿನ ವರ್ಷಗಳು ಅಂಗೈಯಗಲ. 2024ನ್ನು ಹೊರಗಿಟ್ಟರೆ ಬಿಸಿ ಇದ್ದುದಕ್ಕಿಂತ ಹಿಗ್ಗುತ್ತದೆ. ಹಾಕಿನ್ಸರ 2016ರ ಇನ್ನೊಂದು ರಚನೆಗೂ ಇದೇ ಆಕ್ಷೇಪ ಇದೆ. ತಿಂಗಳ ತಾಪಮಾನ ಸುರುಳಿಯಾಗಿ ಹೊರಕ್ಕೆ ಬೆಳೆಯುವ ಅದರ ಒಂದು ರೂಪ ಆ ವರ್ಷದ ರಿಯೊ ಒಲಿಂಪಿಕ್ಸಿನ ಉದ್ಘಾಟನೆಯಲ್ಲೂ ಕಂಡಿತ್ತು. ಸುರುಳಿಗೆ ಚಲನೆಯ ಬಲವಿದೆ. ಅಳತೆಯ ಪ್ರಾಮಾಣಿಕತೆಯಲ್ಲಿ ಸಮ ಅಗಲದ ಪಟ್ಟೆಯೇ ಮೇಲು.

ದಿನಕ್ಕೊಂದು ಸಾಲು

ವರ್ಷದ ಸರಾಸರಿ ಬಿಟ್ಟು ದಿನದ ಗರಿಷ್ಠ ತಾಪಮಾನವನ್ನೇ ಹೆಣೆಯುವವರಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಕಾರ್ಟಿಸ್ ಊರಿನಲ್ಲಿ 2017ರಲ್ಲಿ ಶುರುವಾದ 'ಟೆಂಪೆಸ್ಟ್ರಿ' ಯೋಜನೆಯಲ್ಲಿ ಒಂದು ವರ್ಷಕ್ಕೆ 365 ಸಾಲು. ಜನವರಿ 1 ಕೆಳಗೆ, ಡಿಸೆಂಬರ್ 31 ಮೇಲೆ. ಐದು ಫ್ಯಾರನ್‌ಹೀಟ್ ಡಿಗ್ರಿಗೆ ಒಂದು ಬಣ್ಣ, ಒಟ್ಟು 32 ಬಣ್ಣ, ಎಲ್ಲ ಊರಿಗೂ ಅದೇ. ಊರು ಊರುಗಳ ಹೋಲಿಕೆಗೆ ಇದು ಅನುಕೂಲ. ಆದರೆ ಐದು ಫ್ಯಾರನ್‌ಹೀಟ್ ಎಂದರೆ 2.8 ಸೆಲ್ಸಿಯಸ್. ಹಿಮ ಬೀಳುವ ಊರಿಗೆ ಅದು ಸಣ್ಣ ಮೆಟ್ಟಿಲು. ಮಂಗಳೂರಿನ ವರ್ಷವಿಡೀ ನಾಲ್ಕೈದು ಬಣ್ಣದೊಳಗೇ ಮುಗಿದುಹೋಗುತ್ತದೆ. ಕರಾವಳಿಯವರು ಒಂದು ಸೆಲ್ಸಿಯಸ್‌ಗೆ ಒಂದು ಬಣ್ಣ ಇಟ್ಟುಕೊಳ್ಳಲೇಬೇಕು, ಹೊರಗಿನ ಹೋಲಿಕೆಯನ್ನು ಬಿಟ್ಟುಕೊಡಲೇಬೇಕು.

ಹತ್ತು ಸೆಂಟಿಮೀಟರಿಗೆ 26 ಸಾಲು ಬರುವ ಹೆಣಿಗೆಯಲ್ಲಿ 365 ಸಾಲು 140 ಸೆಂಟಿಮೀಟರ್ ಆಗುತ್ತದೆ. ಬಣ್ಣ 150 ಸಲ ಬದಲಾದರೆ 300 ದಾರದ ತುದಿ ಉಳಿಯುತ್ತದೆ. ಪಕ್ಕದ ಅಂಚಿನಲ್ಲಿ ದಾರವನ್ನು ಮೇಲಕ್ಕೆ ಒಯ್ಯುತ್ತಾ ಹೋಗದಿದ್ದರೆ ಅವನ್ನು ಒಳಸೇರಿಸುವುದರಲ್ಲೇ ಕೈ ಸೋಲುತ್ತದೆ. ಇನ್ನು, ಎರಡು ವರ್ಷಗಳನ್ನು ಆರಿಸಿ ಅಕ್ಕಪಕ್ಕ ತೂಗುಹಾಕುವುದು ಈ ಬಗೆಯ ಕೆಲಸದಲ್ಲಿ ರೂಢಿ, ಅಪಾಯವೂ ಅಲ್ಲೇ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಇದ್ದ 2016ನ್ನು ಹಿಂದಿನ ಯಾವುದೋ ತಂಪು ವರ್ಷದ ಪಕ್ಕ ಇಟ್ಟರೆ ಬದಲಾವಣೆ ಇದ್ದುದಕ್ಕಿಂತ ಜೋರಾಗಿ ಕಾಣುತ್ತದೆ. ಅಂಕಿ ನೋಡುವ ಮೊದಲೇ ವರ್ಷ ಗೊತ್ತುಮಾಡಿ: ಹತ್ತು ವರ್ಷಕ್ಕೊಂದು, ಅಥವಾ ಮನೆಯವರೊಬ್ಬರು ಹುಟ್ಟಿದ ವರ್ಷ.

ಮಳೆಯ ಬಟ್ಟೆ

ಕರ್ನಾಟಕದಲ್ಲಿ ಜನ ಮೊದಲು ಕೇಳುವುದು ಮಳೆಯನ್ನೇ. ಅದಕ್ಕೆ ಬಣ್ಣದ ಮೆಟ್ಟಿಲು ಸಿದ್ಧವಾಗಿಯೇ ಇದೆ. ಹವಾಮಾನ ಇಲಾಖೆ ವಾಡಿಕೆಯ ಆಚೀಚೆ ಶೇ. 19ರೊಳಗಿನದನ್ನು ಸಾಮಾನ್ಯ, ಶೇ. 20–59 ಕಡಿಮೆಯಾದರೆ ಕೊರತೆ, ಶೇ. 60 ಮುಟ್ಟಿದರೆ ತೀವ್ರ ಕೊರತೆ ಎನ್ನುತ್ತದೆ. ಹೆಚ್ಚಿನ ಬದಿಗೂ ಅದೇ ಗಡಿ. ಕಂದಿನಿಂದ ನೀಲಿಗೆ ಐದು ಬಣ್ಣ ಸಾಕು. ಮಿಲಿಮೀಟರಿನಲ್ಲಿ ಲೆಕ್ಕ ಹಾಕಬೇಡಿ, ಶೇಕಡಾವಾರು ಹಾಕಿ. ಇಲ್ಲದಿದ್ದರೆ ಆಗುಂಬೆಯ ಕೊರತೆಯ ವರ್ಷವೂ ಚಿತ್ರದುರ್ಗದ ಅತಿವೃಷ್ಟಿಯ ವರ್ಷಕ್ಕಿಂತ ನೀಲಿಯಾಗಿ ಕಾಣುತ್ತದೆ. ಇಲ್ಲೂ ವಾಡಿಕೆ ಸರಿಯುತ್ತದೆ: ದೇಶದ ಮುಂಗಾರಿನ ವಾಡಿಕೆ 2022ರಲ್ಲಿ 880.6 ಮಿಲಿಮೀಟರಿನಿಂದ 868.6ಕ್ಕೆ ಇಳಿಯಿತು.

ತಾಪಮಾನದ ಪಟ್ಟೆಯಂತೆ ಮಳೆಯ ಪಟ್ಟೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಸಾಗುವುದಿಲ್ಲ. ಕಂದು, ನೀಲಿ ಕಲಸಿಕೊಂಡೇ ಬರುತ್ತವೆ. ಅದನ್ನು ಕಂಡು ನಿರಾಶೆಯಾಗಿ, ಬದಲಾವಣೆ ಕಾಣುವಂತೆ ಆರಂಭದ ವರ್ಷವನ್ನು ಹಿಂದೆ ಮುಂದೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆಯ ಬದಲಾವಣೆ ಇರುವುದು ಹೆಚ್ಚಾಗಿ ಅದು ಬೀಳುವ ರೀತಿಯಲ್ಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಕೆಲವೇ ದಿನಗಳ ಮಳೆಗೆ. ವರ್ಷದ ಮೊತ್ತದಲ್ಲಿ ಆ ದಿನಗಳು ಕರಗಿಹೋಗುತ್ತವೆ. ಒಂದೇ ದಿನ 64.5 ಮಿಲಿಮೀಟರ್ ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಎಂದು ಗುರುತಿಸುತ್ತದೆ. ಪ್ರತಿ ವರ್ಷದ ಪಟ್ಟೆಯ ಮೇಲೆ ಅಂಥ ಒಂದೊಂದು ದಿನಕ್ಕೆ ಒಂದು ಗಂಟುಹೊಲಿಗೆ ಹಾಕಿದರೆ ಮೊತ್ತವೂ ರಭಸವೂ ಒಂದೇ ಬಟ್ಟೆಯಲ್ಲಿ ಬರುತ್ತವೆ. ಬೆರಳಾಡಿಸಿದರೂ ಗೊತ್ತಾಗುತ್ತದೆ.

ಕಿವಿಗೆ

2013ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇನಿಯಲ್ ಕ್ರಾಫರ್ಡ್ 1880ರಿಂದ 2012ರವರೆಗಿನ ಭೂಮಿಯ ತಾಪಮಾನವನ್ನು ಚೆಲ್ಲೋ ವಾದ್ಯದಲ್ಲಿ ನುಡಿಸಿದರು. ವರ್ಷಕ್ಕೊಂದು ಸ್ವರ, ಸುಮಾರು 0.03 ಡಿಗ್ರಿ ಏರಿದರೆ ಸ್ವರ ಅರ್ಧ ಮೆಟ್ಟಿಲು, ಅಂದರೆ ಒಂದು ಸ್ವರಸ್ಥಾನ, ಏರುತ್ತದೆ. ಒಟ್ಟು ಮೂರು ಸ್ಥಾಯಿ. ಇದನ್ನು ನಮ್ಮ ಸಂಗೀತಕ್ಕೆ ತರುವವರು ಒಂದು ವಿಷಯ ನೋಡಿಕೊಳ್ಳಬೇಕು. ಮೋಹನ ರಾಗದ ಐದು ಸ್ವರಗಳಿಗೆ ಅಂಕಿಯನ್ನು ಹೊಂದಿಸಿದರೆ ಸ–ರಿ, ರಿ–ಗ ನಡುವೆ ಎರಡೆರಡು ಸ್ವರಸ್ಥಾನ, ಗ–ಪ ನಡುವೆ ಮೂರು. ಸಮನಾದ ಏರಿಕೆ ಒಂದು ಕಡೆ ಚಿಕ್ಕದಾಗಿ, ಇನ್ನೊಂದು ಕಡೆ ದೊಡ್ಡದಾಗಿ ಕೇಳುತ್ತದೆ. ಹನ್ನೆರಡು ಸ್ವರಸ್ಥಾನಗಳನ್ನೂ ಬಳಸಿದರೆ ರಾಗ ಹೋಗುತ್ತದೆ, ಅಳತೆ ಉಳಿಯುತ್ತದೆ. ಅದರ ಬದಲು ಸಿಗುವುದು ತಂಬೂರಿ. ಷಡ್ಜವನ್ನು ವಾಡಿಕೆಗೆ ಕಟ್ಟಿದರೆ ಶ್ರುತಿ ಉದ್ದಕ್ಕೂ ವಾಡಿಕೆಯನ್ನೇ ನುಡಿಯುತ್ತಿರುತ್ತದೆ, ಪ್ರತಿ ವರ್ಷ ಅದರಿಂದ ಎಷ್ಟು ದೂರ ಹೋಯಿತೆಂದು ಕೇಳುವವರಿಗೆ ತಾನೇ ತಿಳಿಯುತ್ತದೆ. ಚೆಲ್ಲೋ ಒಂಟಿಯಾಗಿ ನುಡಿದಾಗ ಈ ಆಸರೆ ಸಿಗುವುದಿಲ್ಲ.

ಚೀಟಿ

ಬಟ್ಟೆಯ ಮೇಲೆ ಅಂಕಿ ಬೇಡ, ಆದರೆ ಹಿಂಬದಿಯಲ್ಲಿ ಒಂದು ಚೀಟಿ ಹೊಲಿಯಲೇಬೇಕು. ಇಷ್ಟಿದ್ದರೆ ಸಾಕು: '12–13 ಡಿಗ್ರಿ ಉತ್ತರ, 75–76 ಡಿಗ್ರಿ ಪೂರ್ವದ ಚೌಕ. 1951–2024. ಹವಾಮಾನ ಇಲಾಖೆಯ ದಿನದ ಗರಿಷ್ಠ, ಕನಿಷ್ಠ ತಾಪಮಾನಗಳ ಸರಾಸರಿ. ವಾಡಿಕೆ 1971–2000. ಒಂದು ಛಾಯೆಗೆ 0.2 ಡಿಗ್ರಿ. ಕಪ್ಪು ಪಟ್ಟೆ ಎಂದರೆ ದಾಖಲೆ ಅಪೂರ್ಣ.' ಜೊತೆಗೆ ಎಂಟು ಬಟ್ಟೆಗಳ ಒಂದೊಂದು ಚೂರು, ಪಕ್ಕದಲ್ಲಿ ಅದರ ಅಂಕಿ. ಈ ಚೂರುಗಳಿಗೆ ಇನ್ನೊಂದು ಉಪಯೋಗವಿದೆ: ಹಿಂಬದಿಗೆ ಬಿಸಿಲು ಬೀಳುವುದಿಲ್ಲ. ಮುಂಬದಿಯ ಕೆಂಪು ಮಾಸಿ ಬಿಸಿ ವರ್ಷ ತಂಪಾಗಿ ಕಾಣತೊಡಗಿದಾಗ ಚೂರಿಗೆ ಹಿಡಿದು ನೋಡಬಹುದು. ಕಿಟಕಿಯ ಎದುರಿನ ಗೋಡೆಗಂತೂ ತೂಗುಹಾಕಬೇಡಿ.

ಬಲ ಅಂಚನ್ನು ಗಟ್ಟಿಯಾಗಿ ಮುಚ್ಚದೆ ಬಿಚ್ಚಬಹುದಾದ ಹೊಲಿಗೆ ಹಾಕಿದರೆ ಪ್ರತಿ ಜನವರಿಯಲ್ಲಿ ಹೊಸ ಪಟ್ಟಿ ಸೇರಿಸಬಹುದು. ಅಳತೆಗೋಲನ್ನು ಮೀರಿದ ವರ್ಷವೂ ಬರುತ್ತದೆ. 2024ರಲ್ಲಿ ಭಾರತದ ಸರಾಸರಿ 1991–2020ರ ವಾಡಿಕೆಗಿಂತಲೂ 0.65 ಡಿಗ್ರಿ ಮೇಲಿತ್ತು, 1901ರಿಂದೀಚೆಗೆ ಅದೇ ಅತಿ ಬಿಸಿ ವರ್ಷ. ಆಗ ಹಳೆಯ ಮೆಟ್ಟಿಲುಗಳನ್ನು ಹಿಗ್ಗಿಸಿ ಎಲ್ಲ ಬಣ್ಣಗಳನ್ನು ಮರುಹಂಚಬಾರದು. ಹಿಂದಿನ ಕೆಂಪು ವರ್ಷಗಳು ತಿಳಿಯಾಗಿಬಿಡುತ್ತವೆ. ಇನ್ನೂ ಗಾಢವಾದ ಒಂಬತ್ತನೆಯ ಬಟ್ಟೆ ಹುಡುಕಿ, ಅದರ ಚೂರನ್ನೂ ಅಂಕಿಯನ್ನೂ ಸೇರಿಸಿದ ದಿನಾಂಕವನ್ನೂ ಚೀಟಿಗೆ ಹೊಲಿಯಬೇಕು.